ಹಳೆಯ ಕಾರಿನ ನಡುಕ, ಬಿಸಿಯಾಗದ ಹೀಟರ್

ಪ್ರಶ್ನೆ (ಮಂಡ್ಯ):
ನಾನು ಕೊಂಡ 2009ರ ಪೆಟ್ರೋಲ್ ಕಾರು ಮೈಸೂರು ಹೆದ್ದಾರಿಯಲ್ಲಿ 80 ಕಿ.ಮೀ. ವೇಗ ದಾಟಿದೊಡನೆ ಸ್ಟೀರಿಂಗ್ ನಡುಗುತ್ತದೆ; ಮುಂಜಾನೆ ಮಡಿಕೇರಿಗೆ ಹೊರಟರೆ ಹೀಟರ್‌ನಿಂದ ತಣ್ಣನೆಯ ಗಾಳಿಯೇ ಬರುತ್ತದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ (ಮೈಸೂರು):
ಬಹುಮಟ್ಟಿಗೆ ಇಲ್ಲ, ಸರ್. ವೇಗದಲ್ಲಿ ಮಾತ್ರ ನಡುಗುವುದಾದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮವಾಗಿಸುವುದು) ಮಾಡಿಸಿ, ಟೈರಿನ ಮೇಲೆ ಅಂಗೈ ಸವರಿ ಉಬ್ಬಿದೆಯೇ ನೋಡಿ. ಬ್ರೇಕ್ ಒತ್ತಿದಾಗ ನಡುಕ ಹೆಚ್ಚಿದರೆ ಡಿಸ್ಕ್ ಪರೀಕ್ಷಿಸಬೇಕು.

ಉತ್ತರ (ಶ್ರೀರಂಗಪಟ್ಟಣ):
ಹೀಟರ್‌ಗೆ ಬಿಸಿ ಬರುವುದು ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲೆಂಟ್‌ನಿಂದ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ ಮಟ್ಟ ನೋಡಿ. ಮಟ್ಟ ಸರಿಯಿದ್ದೂ ಟೆಂಪರೇಚರ್ ಮುಳ್ಳು ಮೇಲೇರದಿದ್ದರೆ ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಕವಾಟ) ತೆರೆದೇ ಸಿಕ್ಕಿಕೊಂಡಿರಬಹುದು. ಮುಳ್ಳು ಏರಿದರೂ ಹೀಟರ್‌ನ ಒಂದು ಹೋಸ್ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ (ಬಿಸಿ ಕೂಲೆಂಟ್ ಹರಿದು ಗಾಳಿಯನ್ನು ಕಾಯಿಸುವ ಪುಟ್ಟ ರೇಡಿಯೇಟರ್) ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಹಿಂದಿನ ಮಾಲೀಕರು ಬರೀ ಬೋರ್‌ವೆಲ್ ನೀರು ತುಂಬಿಸುತ್ತಿದ್ದ ನನ್ನ ಕಾರಿನ ಕೋರ್‌ನಿಂದ ಕೆಂಪು ತುಕ್ಕಿನ ಕೆಸರೇ ಹೊರಬಂದಿತ್ತು.

ಪ್ರಶ್ನೆ ಕೇಳಿದವರು:
ಮುಳ್ಳು ಏರುತ್ತದೆ, ಒಂದು ಹೋಸ್ ತಣ್ಣಗಿದೆ. ನಾಳೆಯೇ ಕೋರ್ ತೊಳೆಸುತ್ತೇನೆ.