ಬಿಸಿನೆಸ್ ಸ್ಕೂಲಿನ ಸಂಶೋಧನೆಯ ಗುಣಮಟ್ಟ ತಿಳಿಯಲು ಸಹಾಯ ಬೇಕು

ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲೊಂದರಲ್ಲಿ ಪಿಎಚ್‌ಡಿ ಮಾಡಬೇಕೆಂದಿರುವ ನನಗೆ, ಶಾಲೆಯ ಹೆಸರಿಗೂ ಅಲ್ಲಿ ನಿಜವಾಗಿ ನಡೆಯುವ ಸಂಶೋಧನೆಗೂ ಇರುವ ಸಂಬಂಧವನ್ನು ಬಲ್ಲವರ ಮಾರ್ಗದರ್ಶನ ಬೇಕಾಗಿದೆ. ಎಎಸಿಎಸ್‌ಬಿ, ಈಕ್ವಿಸ್, ಆಂಬಾ ಎಂಬ, ಬಿಸಿನೆಸ್ ಸ್ಕೂಲುಗಳಿಗೆ ನೀಡುವ ಮೂರೂ ಅಂತರರಾಷ್ಟ್ರೀಯ ಮಾನ್ಯತೆಗಳಿರುವ ಶಾಲೆಗಳನ್ನು ಗುರುತಿಸಿಕೊಂಡಿದ್ದೇನೆ. ಆದರೆ ಆಂಬಾ ಪರಿಶೀಲಿಸುವುದು ಮುಖ್ಯವಾಗಿ ಎಂಬಿಎಯಂತಹ ಕೋರ್ಸುಗಳನ್ನಾದ್ದರಿಂದ, ಸಂಶೋಧನಾ ವಿದ್ಯಾರ್ಥಿಗೆ ಅದರಿಂದ ಹೆಚ್ಚೇನೂ ತಿಳಿಯದು ಎಂಬುದು ನನ್ನ ಅಭಿಪ್ರಾಯ. ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ತನ್ನ ಬಿಸಿನೆಸ್ ಸ್ಕೂಲುಗಳ ರ‍್ಯಾಂಕಿಂಗಿಗೆ ಬಳಸುವ 50 ವಿದ್ವತ್ಪತ್ರಿಕೆಗಳ ಪಟ್ಟಿಯನ್ನಿಟ್ಟುಕೊಂಡು ಅಧ್ಯಾಪಕರ ಲೇಖನಗಳನ್ನು ನೋಡುತ್ತಾ ಹೋದಾಗ, ಒಂದು ಶಾಲೆಯ ಬಹುಪಾಲು ಪ್ರಕಟಣೆಗಳು ಒಬ್ಬಿಬ್ಬರು ಹಿರಿಯರವೇ ಎಂಬುದು ಕಂಡುಬಂತು. ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆಯೇ, ವಿದ್ಯಾರ್ಥಿಗಳು ಅವರೊಂದಿಗೆ ಸಹಲೇಖಕರಾಗಿ ಬರೆಯುತ್ತಾರೆಯೇ, ಪದವಿ ಪಡೆದವರು ಈಗ ಎಲ್ಲಿ ಬೋಧಿಸುತ್ತಿದ್ದಾರೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ಯಾರಲ್ಲಿ, ಹೇಗೆ ವಿಚಾರಿಸಬೇಕೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.