ಅಪ್‌ಡೇಟ್: ತಮ್ಮ ಮನೆಗೆ ಬಂದಿದ್ದಾನೆ

ಮೂರು ತಿಂಗಳ ಹಿಂದೆ ನನ್ನ ತಮ್ಮನ ವಿಷಯ ಕೇಳಿದ್ದೆ. ಬೆನ್ನಿನ ಆಪರೇಷನ್ ಆದಮೇಲೆ ಶುರುವಾದ ಓಪಿಯಾಯ್ಡ್ (ಅಫೀಮಿನಂಥ, ಚಟ ಹತ್ತಿಸಬಲ್ಲ) ನೋವಿನ ಮಾತ್ರೆ ಬಿಡಲಾಗದೆ ಒದ್ದಾಡುತ್ತಿದ್ದ. ಅಲ್ಲೇ ಉಳಿದು ಚಿಕಿತ್ಸೆ ಪಡೆಯುವ ಕೇಂದ್ರಕ್ಕೆ ಸೇರಿಸಬೇಕಾ ಅಂತ ನನ್ನ ಪ್ರಶ್ನೆ. ಸೇರಿಸಿದೆವು. 60 ದಿನ ಇದ್ದ, ಹೋದ ವಾರ ಬಂದ.

ಮೊದಲ ವಾರ ತುಂಬಾ ಕಷ್ಟ. ಮೈಕೈ ನೋವು, ವಾಂತಿ, ಭೇದಿ, ನಿದ್ದೆಯೇ ಇಲ್ಲ. ಫೋನಿನಲ್ಲಿ ಅವನ ಹಲ್ಲು ಕಟಕಟ ಅನ್ನುವುದು ಕೇಳಿಸುತ್ತಿತ್ತು. ಈ ಚಟದ ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ತಕ್ಷಣ ಕೊಡಲಿಲ್ಲ ಅಂತ ಸಿಟ್ಟಾಗಿದ್ದೆ. ಹಳೆಯ ಮಾತ್ರೆಯ ಅಂಶ ಮೈಯಲ್ಲಿರುವಾಗಲೇ ಕೊಟ್ಟರೆ ಒದ್ದಾಟ ಒಮ್ಮೆಲೇ ಜಾಸ್ತಿಯಾಗುತ್ತದೆ ಅಂತ ಡಾಕ್ಟರ್ ಬಿಡಿಸಿ ಹೇಳಿದಮೇಲೆ ಅರ್ಥವಾಯಿತು.

"ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸಿದ ಹಾಗಲ್ವಾ?" ಅಂತ ಬ್ಯುಪ್ರೆನಾರ್ಫಿನ್ ಬಗ್ಗೆ ಅಮ್ಮ ಕೇಳಿದರು. ಅಲ್ಲವೇ ಅಲ್ಲ. ಬೆಳಿಗ್ಗೆ ಆ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟು, ಕರಗುವ ತನಕ ಮಾತಾಡದೆ ಕಿಟಕಿ ಹತ್ತಿರ ಕೂರುತ್ತಾನೆ. ಅಮಲಿಲ್ಲ, ನಡುಕವಿಲ್ಲ. ಎದ್ದು ತನ್ನ ಕೆಲಸ ನೋಡಿಕೊಳ್ಳುತ್ತಾನೆ. ಎಷ್ಟು ವರ್ಷಗಳಾಗಿತ್ತು ಅವನನ್ನು ಹೀಗೆ ನೋಡಿ!

ನನಗೆ ಮೊದಲು ಗೊತ್ತೇ ಇರದಿದ್ದ ಒಂದು ವಿಷಯ ಹೇಳಲೇಬೇಕು. ನೋವಿನ ಮಾತ್ರೆ ಬಿಟ್ಟು ಬಂದ ಮೊದಲ ಕೆಲವು ವಾರಗಳೇ ಜಾಸ್ತಿ ಅಪಾಯ. ಅದನ್ನು ಮೈ ತಾಳುವ ಶಕ್ತಿ ಇಳಿದಿರುತ್ತದೆ. ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟೇ ಈಗ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಅದಕ್ಕೇ ಓಪಿಯಾಯ್ಡ್ ಅತಿಯಾದಾಗ ಅದರ ಪರಿಣಾಮ ತಡೆಯುವ ನಲೋಕ್ಸೋನ್ ಮೂಗಿನ ಸ್ಪ್ರೇ ಮನೆಯಲ್ಲಿಟ್ಟಿದ್ದೇವೆ. ಅದು ಕೊಟ್ಟರೂ ಆಂಬ್ಯುಲೆನ್ಸ್ ಕರೆಯಲೇಬೇಕು, ಸ್ಪ್ರೇಯ ಪರಿಣಾಮ ಬೇಗ ಇಳಿದುಹೋಗುತ್ತದೆ. ಹೇಗೆ ಬಳಸುವುದು ಅಂತ ಅಮ್ಮನಿಗೂ ಕಲಿಸಿದ್ದೇನೆ.

ವಾರಕ್ಕೊಮ್ಮೆ ಕೌನ್ಸೆಲಿಂಗ್ ಇದೆ. ನಾಳೆಯದಕ್ಕೆ ನಾನೂ ಜೊತೆಗೆ ಹೋಗುತ್ತಿದ್ದೇನೆ.