ಜೋಕಾಲಿ ಸ್ಟ್ಯಾಂಡಿನ ಹಿಂದಿನ ಕಾಲು ಮೇಲೇಳುತ್ತಿದೆ, ಪಕ್ಕಕ್ಕೂ ಅಲುಗಾಡುತ್ತಿದೆ (ಎರೆ ಮಣ್ಣಿನ ಹಿತ್ತಲು)

ಬೇವಿನಮರ:
ಎಲ್ಲರಿಗೂ ನಮಸ್ಕಾರ. ಗದಗದ ಹತ್ತಿರ ನಮ್ಮೂರು. ಪ್ರತಿ ವರ್ಷ ಪಂಚಮಿಗೆ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದೆವು. ಈ ಬೇಸಿಗೆಯಲ್ಲಿ ಗಾಳಿಗೆ ಆ ಟೊಂಗೆ ಮುರಿದು ಬಿತ್ತು. ಅದಕ್ಕೇ ಕಬ್ಬಿಣದ ಪೈಪಿನ ಸ್ಟ್ಯಾಂಡ್ ತರಿಸಿದೆ. ಎರಡು ಕಡೆ ಎರಡೆರಡು ಕಾಲು, ಮೇಲೆ ಒಂದು ಅಡ್ಡ ಪೈಪು, ಎರಡು ಸೀಟು. ಎತ್ತರ 7 ಅಡಿ. ಬುಡದಲ್ಲಿ ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ನಾಲ್ಕೂವರೆ ಅಡಿ ಅಂತರ.

ಜೋಡಿಸಿದ್ದು ನಾನು ಮತ್ತು ಮಕ್ಕಳು. ಹತ್ತು ವರ್ಷದ ಮಗಳು ಚಿತ್ರ ನೋಡಿ ಹೇಳುತ್ತಿದ್ದಳು. ಆರು ವರ್ಷದ ಮಗ ಬೋಲ್ಟು ಎಣಿಸಿ ತಟ್ಟೆಯಲ್ಲಿ ತಂದುಕೊಡುತ್ತಿದ್ದ. ಮೂರು ತಾಸು ಹಿಡಿಯಿತು. ಅವರಿಬ್ಬರ ಖುಷಿ ನೋಡಬೇಕಿತ್ತು.

ಒಬ್ಬರೇ ಆಡಿದರೆ ತೊಂದರೆ ಇಲ್ಲ. ಇಬ್ಬರೂ ಜೋರಾಗಿ ಜೀಕಿದರೆ ಹಿಂದಿನ ಕಾಲುಗಳು ಎರಡು ಬೆರಳಷ್ಟು ಮೇಲೇಳುತ್ತವೆ. ಜೊತೆಗೆ ಬಂದ ಒಂದಡಿ ಗೂಟ ಹೊಡೆದಿದ್ದೆ, ಮಳೆ ಬಂದ ಮೇಲೆ ಕಿತ್ತು ಬಂದವು. ಇನ್ನೊಂದು, ಬೋಲ್ಟೆಲ್ಲ ಬಿಗಿ ಇದ್ದರೂ ಸ್ಟ್ಯಾಂಡು ಪಕ್ಕಕ್ಕೆ ಒಂದು ಇಂಚು ಓಲಾಡುತ್ತದೆ. ಹಬ್ಬಕ್ಕೆ ಇನ್ನು ಹದಿನೈದು ದಿನ ಇದೆ. ನಾದಿನಿಯರೂ ತವರಿಗೆ ಬರುತ್ತಾರೆ, ಅವರೂ ಕೂರಬಹುದಾ? ಸದ್ಯಕ್ಕೆ ಸೀಟು ಬಿಚ್ಚಿ ಇಟ್ಟಿದ್ದೇನೆ.

ವೆಲ್ಡಿಂಗ್ ಅಂಗಡಿ:
ಅಕ್ಕಾ, ಸೀಟು ಬಿಚ್ಚಿದ್ದು ಒಳ್ಳೇದಾಯ್ತು. ಇವು ಎರಡು ಬೇರೆ ಬೇರೆ ತೊಂದರೆ. ಒಂದನ್ನು ಸರಿಮಾಡಿದರೆ ಇನ್ನೊಂದು ಹೋಗುವುದಿಲ್ಲ.

ಮೊದಲು ಕಾಲು ಏಳುವ ವಿಷಯ. 30 ಕೆಜಿ ಮಗು 60 ಡಿಗ್ರಿವರೆಗೆ ಜೀಕಿದರೆ, ಸೀಟು ಕೆಳಗೆ ಬಂದಾಗ ಅಡ್ಡ ಪೈಪಿನ ಮೇಲೆ ಬೀಳುವುದು 60 ಕೆಜಿ ಭಾರ. ಅದು ಕೆಳಕ್ಕೆ. ಮುಂದೆ ಹೋಗುವಾಗ ಸರಪಳಿ ಅದೇ ಪೈಪನ್ನು ಮುಂದಕ್ಕೂ ಎಳೆಯುತ್ತದೆ, ಹತ್ತಿರ ಹತ್ತಿರ 25 ಕೆಜಿಯಷ್ಟು. ಇಬ್ಬರೂ ಒಟ್ಟಿಗೆ ಮುಂದೆ ಹೋದರೆ 50. ಈ ಎಳೆತ ಏಳಡಿ ಎತ್ತರದಲ್ಲಿ ಬೀಳುವುದರಿಂದ ಹಗುರ ಸ್ಟ್ಯಾಂಡು ಮುಂದಿನ ಕಾಲಿನ ಮೇಲೆ ಮಗುಚುತ್ತದೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಇದ್ದಾಗ ಏಳುವುದಿಲ್ಲ ಅಲ್ವಾ? ಗಮನಿಸಿ ನೋಡಿ. ನೆಲಕ್ಕೆ ಹಿಡಿಸಲೇಬೇಕು, ಬೇರೆ ದಾರಿ ಇಲ್ಲ.

ಪಕ್ಕಕ್ಕೆ ಓಲಾಡುವುದು ಜೋಡಣೆಯ ತಪ್ಪು. ಒಂದೊಂದೇ ಬೋಲ್ಟನ್ನು ಪೂರ್ತಿ ಬಿಗಿ ಮಾಡುತ್ತಾ ಹೋದಿರಾ? ಮತ್ತೆ, ಬೋಲ್ಟು ಎಷ್ಟು ಉದ್ದದವು ಬಂದಿದ್ದವು?

ಬೇವಿನಮರ:
ಹೌದು, ಒಂದೊಂದೇ ಬಿಗಿ ಮಾಡಿದೆ. ಬೋಲ್ಟು ಎರಡು ಅಳತೆ, 65 ಮಿಮೀ ಮತ್ತು 75 ಮಿಮೀ. ಮಗಳು ಎರಡು ತಟ್ಟೆಯಲ್ಲಿ ಬೇರೆ ಮಾಡಿದ್ದಳು. ಮಧ್ಯೆ ತಟ್ಟೆ ಮಗುಚಿ ಬಿತ್ತು, ಮಗ ಎಲ್ಲ ಆರಿಸಿ ಒಂದರಲ್ಲೇ ಹಾಕಿದ.

ವೆಲ್ಡಿಂಗ್ ಅಂಗಡಿ:
ಹಾಗಿದ್ದರೆ ಅಲ್ಲೇ ಇದೆ ಅನ್ನಿಸುತ್ತೆ. ಈ ಬೋಲ್ಟುಗಳಿಗೆ ತುದಿಯಲ್ಲಿ ಮಾತ್ರ ಮರೆ (ನಟ್ಟು ತಿರುಗುವ ಸುರುಳಿ ಗೆರೆ) ಇರುತ್ತೆ, ಉಳಿದದ್ದು ನುಣುಪು. 65 ಹಾಕಬೇಕಾದ ಕಡೆ 75 ಹಾಕಿದರೆ ನಟ್ಟು ಮರೆ ಮುಗಿದಲ್ಲಿ ನಿಂತುಬಿಡುತ್ತದೆ. ಸ್ಪ್ಯಾನರಿಗೆ ಬಿಗಿ ಅನ್ನಿಸುತ್ತೆ, ಪೈಪು ಮಾತ್ರ ಸಡಿಲವೇ ಇರುತ್ತೆ.

ಪರೀಕ್ಷೆ ಸುಲಭ. ಮಕ್ಕಳ ಕೈಲೇ ಮಾಡಿಸಿ. ಒಂದೊಂದು ಬೋಲ್ಟಿನ ವಾಷರನ್ನು ಬೆರಳಲ್ಲಿ ತಿರುಗಿಸಲಿ. ತಿರುಗಿದರೆ ಅದು ತಪ್ಪು ಬೋಲ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಬದಲಾಯಿಸುವಾಗ ಎಲ್ಲ ನಟ್ಟನ್ನೂ ಕೈಯಲ್ಲಿ ಹಾಕುವಷ್ಟಕ್ಕೇ ಬಿಡಿ. ಸ್ಟ್ಯಾಂಡು ನೆಟ್ಟಗೆ ನಿಂತ ಮೇಲೆ, ಮೇಲಿನ ಮೂಲೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜೀಕುವ ಅದುರಿಗೆ ಬರೀ ನಟ್ಟು ಬಿಚ್ಚಿಕೊಳ್ಳುತ್ತದೆ. ಸರಪಳಿ ಕೊಕ್ಕೆಯ ಕಡೆ ನೈಲಾನ್ ಬಳೆ ಇರುವ ನಟ್ಟೇ ಬೇಕು. ಕೊಕ್ಕೆಯ ಬಾಯಿಯನ್ನು ಇಕ್ಕಳದಿಂದ ಪೂರ್ತಿ ಮುಚ್ಚಿ.

ನಾದಿನಿಯರ ವಿಷಯ ಸ್ಟ್ಯಾಂಡಿನ ಕಾಗದ ನೋಡಿ ಹೇಳಿ, ಒಂದು ಸೀಟಿಗೆ ಎಷ್ಟು ಕೆಜಿ ಬರೆದಿದ್ದಾರೆ?

ಬೇವಿನಮರ:
50 ಕೆಜಿ.

ವೆಲ್ಡಿಂಗ್ ಅಂಗಡಿ:
ಹಾಗಾದರೆ ಬೇಡ ಅಕ್ಕಾ. ಹಬ್ಬದ ದಿನ ಸುಮ್ನೆ ಕೂತು ಯಾರೂ ಏಳುವುದಿಲ್ಲ, ಎಲ್ಲರೂ ಜೀಕುತ್ತಾರೆ. ದೊಡ್ಡವರಿಗೆ ಬೇರೆ ಗಟ್ಟಿ ಮರ ನೋಡಿ.

ಗರಸುಗುಂಡಿ:
ನಾನು ನವಲಗುಂದದ ಕಡೆಯವನು, ನಮ್ಮದೂ ಎರೆ ಮಣ್ಣೇ. ಅಕ್ಕಾರ, ಇದರಲ್ಲಿ ಗೂಟ ನಿಲ್ಲುವುದಿಲ್ಲ. ಮಳೆಗೆ ಉಬ್ಬಿ ಮೆತ್ತಗಾಗುತ್ತೆ, ಬೇಸಿಗೆಗೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತೆ. ಎಷ್ಟು ಉದ್ದದ ಗೂಟ ಹೊಡೆದರೂ ಒಂದು ವರ್ಷದಲ್ಲಿ ಸಡಿಲ.

ನಾನು ಮಾಡಿದ್ದು ಹೀಗೆ. ನಾಲ್ಕು ಕಾಲಿಗೂ ಒಂದಡಿ ಅಗಲ, ಎರಡಡಿ ಆಳದ ಗುಂಡಿ. ತಳದಲ್ಲಿ ಸುತ್ತಲೂ ಎರಡು ಇಂಚು ಜಾಸ್ತಿ ಕೊರೆದೆ. ಬುಡ ಅಗಲ ಇದ್ದರೆ ಕಾಂಕ್ರೀಟು ಮೇಲೆ ಎದ್ದು ಬರುವುದಿಲ್ಲ. ಗುಂಡಿಯ ತಳಕ್ಕೆ ಎರಡು ಇಂಚು ಗರಸು ಹಾಕಿ ದಮ್ಮಸು ಮಾಡಿದೆ. ಕಾಲಿನ ತುದಿಗೆ ಗೇಣುದ್ದದ ಅಡ್ಡ ಕಂಬಿ ಬೆಸುಗೆ ಹಾಕಿಸಿ, ಅದರ ಸುತ್ತ 1:2:4 ಕಾಂಕ್ರೀಟು (ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ) ಸುರಿದೆ. ಒಂದೂವರೆ ಅಡಿ ತುಂಬಿದರೆ ಪ್ರತಿ ಕಾಲಿಗೆ ಸುಮಾರು 100 ಕೆಜಿ ಭಾರ ಕೂರುತ್ತದೆ. ಮೇಲೆ ನಾಲ್ಕು ಇಂಚು ಮಣ್ಣು ಮುಚ್ಚಲೇಬೇಕು, ಕಾಂಕ್ರೀಟಿನ ಅಂಚಿಗೆ ಮಗುವಿನ ತಲೆ ತಗಲಬಾರದು.

ಕಾಲು ಹೂಳುವುದರಿಂದ ಎತ್ತರ ಕಮ್ಮಿ ಆಗುತ್ತೆ. ಕೆಳಗೆ ಪೈಪಿನ ತುಂಡು ಕೂಡಿಸಿ ಉದ್ದ ಮಾಡಿಸಿ. ಏಳು ದಿನ ನೀರು ಹಾಕಿ, ಅಲ್ಲಿವರೆಗೆ ಯಾರೂ ಮುಟ್ಟಬಾರದು. ಹದಿನೈದು ದಿನ ಇದೆ, ನಾಳೆಯೇ ಶುರು ಮಾಡಿದರೆ ಹಬ್ಬಕ್ಕೆ ಸಿಗುತ್ತೆ.

ಒಂದು ಕೇಳುತ್ತೇನೆ, ಕಾಂಪೌಂಡ್ ಗೋಡೆ ಎಷ್ಟು ದೂರ?

ಬೇವಿನಮರ:
ಹಿಂದೆ 9 ಅಡಿ.

ಗರಸುಗುಂಡಿ:
ಸಾಲದು. ಹಿತ್ತಲಿನ ಜೋಕಾಲಿಗೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೇಳುವ ಅಳತೆ ನಾನು ಪಾಲಿಸುತ್ತೇನೆ. ಅಡ್ಡ ಪೈಪಿನ ಎತ್ತರದ ಎರಡರಷ್ಟು ಮುಂದೆ, ಅಷ್ಟೇ ಹಿಂದೆ. ನಿಮಗೆ 14 ಅಡಿ ಆಯಿತು. ಪಕ್ಕಕ್ಕೆ 6 ಅಡಿ. ಗುಂಡಿ ತೋಡುವ ಮೊದಲೇ ಸ್ಟ್ಯಾಂಡನ್ನು ತಿರುಗಿಸಿ ನೋಡಿ, ಆಮೇಲೆ ಆಗುವುದಿಲ್ಲ. ಸೀಟಿನ ಕೆಳಗೆ ಬಂಡೆ, ಫರಸಿ ಇರಬಾರದು. ದಪ್ಪಗೆ ಮರಳು ಹಾಕಿ.

ಬೇವಿನಮರ: (ಹನ್ನೆರಡು ದಿನದ ಮೇಲೆ)
ಇಬ್ಬರಿಗೂ ತುಂಬಾ ಧನ್ಯವಾದ. ವಾಷರ್ ತಿರುಗಿಸುವ ಕೆಲಸ ಮಗನಿಗೆ ಕೊಟ್ಟೆ. ಹದಿನಾರರಲ್ಲಿ ಐದು ತಿರುಗಿದವು, ಐದೂ 75ರವು. ಬದಲಾಯಿಸಿದ ಕೂಡಲೇ ಓಲಾಡುವುದು ನಿಂತಿತು. ಮಗಳು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ಎರಡೂ ಕಡೆ ನೆಟ್ಟಗಿದೆಯಾ ಅಂತ ನೋಡಿ ಹೇಳಿದಳು. ಅದಾದ ಮೇಲೇ ಬಿಗಿ ಮಾಡಿದೆ.

ಸ್ಟ್ಯಾಂಡನ್ನು ತಿರುಗಿಸಿ ಬಾವಿಕಟ್ಟೆಯ ಕಡೆಯಿಂದ ದೂರ ಇಟ್ಟೆವು. ಈಗ ಎರಡೂ ಕಡೆ 15 ಅಡಿ ಸಿಕ್ಕಿದೆ. ಎಂಟು ದಿನ ನೀರು ಹಾಕಿದ್ದು ಮಕ್ಕಳೇ, ಚೊಂಬಿನಲ್ಲಿ. ನಿನ್ನೆ ಇಬ್ಬರೂ ಒಟ್ಟಿಗೆ ಜೀಕಿದರು. ನಾನು ಹಿಂದಿನ ಕಾಲಿನ ಪಕ್ಕ ಕೂತು ನೋಡಿದೆ, ಕದಲಲಿಲ್ಲ. ಸರಪಳಿಗೆ ಹಳೇ ನೀರಿನ ಪೈಪು ತೊಡಿಸಿದ್ದೇನೆ, ಬೆರಳು ಸಿಕ್ಕಬಾರದು ಅಂತ. ನಾದಿನಿಯರಿಗೆ ಎದುರು ಮನೆಯ ಹುಣಸೆ ಮರ.

ಬೇಸಿಗೆಗೆ ಮಣ್ಣು ಬಿರುಕು ಬಿಟ್ಟಾಗ ಏನು ಮಾಡಲಿ?

ಗರಸುಗುಂಡಿ:
ಕಾಲಿನ ಸುತ್ತ ಬಿರುಕು ಕಂಡರೆ ಮಣ್ಣು ತುಂಬಬೇಡಿ, ಅದು ಮತ್ತೆ ಉಬ್ಬುತ್ತೆ. ಸಣ್ಣ ಗರಸು ಸುರಿದು ಕೋಲಿನಿಂದ ಜಡಿಯಿರಿ. ಮತ್ತೆ ತಿಂಗಳಿಗೊಂದು ಸಲ ಮಗನ ಕೈಲಿ ವಾಷರ್ ತಿರುಗಿಸಿಸಿ.